ಕೊಕ್ಕರೆ ಟೀಮಿನ ಏಳನೇ ನೋಟ್‌ಬುಕ್ಕು

ಕ್ಲಾಂಡಾಲ್ಕಿನ್
14 ಜನವರಿ 2025

ಶ್ರೀ ವೆಂಕಟೇಶಮೂರ್ತಿಯವರಿಗೆ ಶಾನವಾಜನ ನಮಸ್ಕಾರಗಳು.

ಕಾಗದ ಹರಿದುಹಾಕುವ ಮುಂಚೆ ಅರ್ಧ ಪುಟವಾದರೂ ಓದಿ. ಫೋನ್ ಮಾಡೋಣವೆಂದರೆ, ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಂಗಸು ಹನ್ನೊಂದು ವರ್ಷದಿಂದ ಒಂದೇ ಸಮನೆ ಹೇಳುತ್ತಿದ್ದಾಳೆ. ನಿಮ್ಮ ವಿಳಾಸ ಸಿಕ್ಕಿದ್ದು ನನ್ನ ಮಗಳು ಅಲೀನಾಳಿಂದ. ಅವಳು ಈಗ ಅತ್ಲೋನಿನಲ್ಲೇ ಓದುತ್ತಿದ್ದಾಳೆ. ಕಾಲೇಜಿನ ಕ್ಯಾಂಟೀನಿನಲ್ಲಿ ಪಕ್ಕದ ಟೇಬಲ್ಲಿನ ಹುಡುಗಿ ಡಬ್ಬಿ ತೆರೆದಾಗ ಪುಳಿಯೋಗರೆ ವಾಸನೆ ಬಂತಂತೆ. ಇವಳು ಎದ್ದು ಹೋಗಿ ಮಾತಾಡಿಸಿದರೆ ಅದು ನಿಮ್ಮ ಮಾನ್ಯಾ. ಇಬ್ಬರೂ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಹರಟುತ್ತಾ ಡಬ್ಬಿ ಖಾಲಿ ಮಾಡಿದರಂತೆ. ನಮ್ಮ ಜಗಳ ಮಕ್ಕಳಿಗೆ ನೆನಪಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಲಾಂಡಾಲ್ಕಿನ್ ಹೆರಾನ್ಸ್ ಐಸ್ ಹಾಕಿ ಟೀಮಿನ ರಿಂಕನ್ನು ಮೇ ತಿಂಗಳಲ್ಲಿ ಕೆಡವುತ್ತಾರೆ. ಅಲ್ಲಿ ಮನೆಗಳು ಬರುತ್ತವೆ. ಟೀಮು ಸಿಟಿವೆಸ್ಟಿನ ಹೊಸ ರಿಂಕಿಗೆ ಹೋಗುತ್ತದೆ. ಅಷ್ಟರಲ್ಲಿ ಟೀಮಿನ ಚರಿತ್ರೆಯನ್ನು ಅಚ್ಚು ಹಾಕಿಸಬೇಕೆಂದು ಸೆಕ್ರೆಟರಿ ಗ್ರಾನ್ಯಾ ಹಟ ಹಿಡಿದಿದ್ದಾಳೆ. ಮೊದಲ ದಿನದಿಂದ ಇದ್ದು ಇನ್ನೂ ಉಳಿದಿರುವವನು ಐಸ್ ಮಾಡುವ ನಾನೊಬ್ಬನೇ. ನೀನು ಹೇಳುತ್ತಾ ಹೋಗು, ನಾನು ಬರೆದುಕೊಳ್ಳುತ್ತೇನೆ ಎಂದಳು. ನನಗೆ ನೆನಪಿರುವುದು ಕಂಪ್ರೆಸರ್ ಕೆಟ್ಟ ದಿನಗಳು ಮಾತ್ರ. ಯಾರು ಯಾವ ಮ್ಯಾಚಿನಲ್ಲಿ ಎಷ್ಟು ಗೋಲು ಹೊಡೆದರು ಎಂಬುದೆಲ್ಲ ನಿಮ್ಮ ನೋಟ್‌ಬುಕ್ಕುಗಳಲ್ಲಿದೆ. ವರ್ಷಕ್ಕೊಂದರಂತೆ ಏಳು, ನೀಲಿ ರಟ್ಟಿನವು. ದಯವಿಟ್ಟು ಕಳಿಸಿಕೊಡಿ, ಜೋಪಾನವಾಗಿ ಹಿಂದಿರುಗಿಸುತ್ತೇನೆ.

ಬೇರೆ ಯಾವ ಮಾತನ್ನೂ ನಾನು ಇಲ್ಲಿ ಎತ್ತುವುದಿಲ್ಲ. ಜಯಶೀಲಕ್ಕನಿಗೆ ನನ್ನ ಸಲಾಂ ತಿಳಿಸಿ.

ಇಂತಿ,
ಶಾನವಾಜ್


ಅತ್ಲೋನ್
3 ಫೆಬ್ರವರಿ 2025

ಶ್ರೀ ಶಾನವಾಜ್ ಅವರಿಗೆ,

ಕಾಗದ ತಲುಪಿತು. ಹರಿಯಲಿಲ್ಲ. ಆರು ನೋಟ್‌ಬುಕ್ಕುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಏಳನೆಯದನ್ನು ಕೊಡಲಾಗುವುದಿಲ್ಲ, ಕಾರಣ ಕೇಳಬೇಡಿ.

ನಾನು ಆಫೀಸಿನಲ್ಲಿ ಟೆಸ್ಟಿಂಗ್ ಕೆಲಸದವನು. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಆದ್ದರಿಂದ ಚರಿತ್ರೆಗೆ ಒಂದೆರಡು ಎಚ್ಚರಿಕೆ. ಮೊದಲ ಮ್ಯಾಚು ನಡೆದದ್ದು 2007ರ ಅಕ್ಟೋಬರ್ 20, ಶನಿವಾರ. ನೋಡಲು ಬಂದವರು ನಲವತ್ತೊಂದು ಜನ. ಅವರಲ್ಲಿ ಒಂಬತ್ತು ಜನ ನಮ್ಮವರು. ಅವರು ಬಂದದ್ದು ಆಟಕ್ಕಲ್ಲ, ಜಯಶೀಲಾ ಪಾತ್ರೆಗಟ್ಟಲೆ ತಂದಿದ್ದ ಬಿಸಿಬೇಳೆಬಾತಿಗೆ. ನಾವು ಹನ್ನೊಂದು–ಒಂದರಲ್ಲಿ ಸೋತೆವು. ಆ ಒಂದು ಗೋಲನ್ನೂ ಹೊಡೆದವನು ಎದುರು ಟೀಮಿನವನೇ, ಗೊತ್ತಾಗದೆ ತನ್ನದೇ ಗೋಲಿನೊಳಕ್ಕೆ. ಗ್ರಾನ್ಯಾ ಇದನ್ನು ಬಿಟ್ಟು ಬರೆಯದಂತೆ ನೋಡಿಕೊಳ್ಳಿ.

ಚಾಂದ್ ಬೀ ಇನ್ನೂ ಓಡುತ್ತಾಳೆಯೇ? ಸುಮ್ಮನೆ ಕೇಳಿದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಇತಿ,
ವೆಂಕಟೇಶಮೂರ್ತಿ


ಕ್ಲಾಂಡಾಲ್ಕಿನ್
21 ಫೆಬ್ರವರಿ 2025

ಮೂರ್ತಿಯವರೇ,

ಓಡುತ್ತಾಳೆ! ಒಂದು ಹೆಡ್‌ಲೈಟು ಹೋಗಿದೆ, ಎಡಕ್ಕೆ ತಿರುಗಿಸಿದರೆ ಗೊಣಗುತ್ತಾಳೆ, ಆದರೂ ಓಡುತ್ತಾಳೆ. ಐಸನ್ನು ನಯಮಾಡುವ ಆ ಗಾಡಿಗೆ ನನ್ನ ಅಮ್ಮನ ಹೆಸರನ್ನು ಯಾಕೆ ಇಟ್ಟೆ ಎಂದು ಗ್ರಾನ್ಯಾ ಕೇಳಿದಳು. ಹೇಳಿದೆ. ಕಲಾಸಿಪಾಳ್ಯದ ಐಸ್ ಫ್ಯಾಕ್ಟರಿಯಲ್ಲಿ ಅಪ್ಪ ಕೆಲಸಕ್ಕಿದ್ದರು. ಮಧ್ಯಾಹ್ನ ಅಮ್ಮ ಊಟ ತಂದರೆ, ಗೋಣಿತಾಟು ಹೊದ್ದ ಐಸ್ ಗಡ್ಡೆಗಳ ಮೇಲೆ ಬೆರಳಿಟ್ಟು ನೋಡಿ, ಇದು ಚೆನ್ನಾಗಿ ಕಟ್ಟಿದೆ, ಇದು ಕಟ್ಟಿಲ್ಲ ಎಂದು ಹೇಳಿಬಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಆಯುಧ ಪೂಜೆಯ ದಿನ ಕಂಪ್ರೆಸರಿಗೆ ಚೆಂಡು ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ತಳ್ಳುಗಾಡಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ನನ್ನದಾಗಿತ್ತು. ಸಾಹುಕಾರರು ಎರಡು ಬೊಗಸೆ ಕಡ್ಲೆಪುರಿ ಕೊಡುತ್ತಿದ್ದರು. ಗ್ರಾನ್ಯಾ ಇದನ್ನೆಲ್ಲ ಬರೆದುಕೊಂಡಳು. ಟೀಮಿನ ಚರಿತ್ರೆಯೊಳಗೆ ಕಲಾಸಿಪಾಳ್ಯ ಬಂದು ಕೂತಿದೆ ನೋಡಿ.

ನಿಮ್ಮ ನೋಟ್‌ಬುಕ್ಕು ಓದುತ್ತಾ ನಾನೂ ನನ್ನಾಕೆ ಅರ್ಷಿಯಾಳೂ ನಕ್ಕೂ ನಕ್ಕೂ ಸುಸ್ತಾದೆವು. ಆಲೂಗಡ್ಡೆಯ ಕೋಲ್ಡ್ ಸ್ಟೋರೇಜನ್ನು ರಿಂಕ್ ಮಾಡಿದ್ದರಿಂದ ಮೊದಲ ವರ್ಷವೆಲ್ಲ ಆಟಗಾರರ ಸಾಕ್ಸಿನಲ್ಲಿ ಮಣ್ಣಿನ ವಾಸನೆ ಬರುತ್ತಿತ್ತು ಎಂದು ಬರೆದಿದ್ದೀರಿ. ಹೆರಾನ್ ಅಂದರೆ ಕೊಕ್ಕರೆ, ನಮ್ಮ ಟೀಮೂ ಒಂಟಿಕಾಲಲ್ಲಿ ನಿಂತು ನೋಡುತ್ತದೆಯೇ ಹೊರತು ಹಿಡಿಯುವುದಿಲ್ಲ ಎಂದೂ ಬರೆದಿದ್ದೀರಿ. ನಾಲ್ಕು ಜನರಿಗೆ ಸಂಬಳ, ಉಳಿದವರಿಗೆ ಪೆಟ್ರೋಲು ಮತ್ತು ಊಟ, ಇದಕ್ಕೆ ಪ್ರೊಫೆಶನಲ್ ಲೀಗ್ ಎಂದು ಹೆಸರು ಎನ್ನುವ ಸಾಲನ್ನು ಗ್ರಾನ್ಯಾ ಮೊದಲ ಪುಟಕ್ಕೇ ಹಾಕುತ್ತಾಳಂತೆ. ಮೂರನೇ ವರ್ಷ ನಮ್ಮ ಗೋಲ್‌ಕೀಪರ್, ಲಾಟ್ವಿಯಾದ ಆಂದ್ರಿಸ್, ತಾನು ಓಡಿಸುತ್ತಿದ್ದ ಬ್ರೆಡ್ ವ್ಯಾನ್ ಕೆಟ್ಟುಹೋಗಿ ತಡವಾಗಿ ಬಂದು, ಪ್ಯಾಡಿನೊಳಗೆ ಎರಡು ಬನ್ನು ಇಟ್ಟುಕೊಂಡೇ ಮ್ಯಾಚು ಆಡಿದ್ದು ನನಗೆ ಮರೆತೇ ಹೋಗಿತ್ತು.

ಈಗ ಒಂದು ಮಾತು ಎತ್ತಲೇಬೇಕಾಗಿದೆ. 2014ರ ಮಾರ್ಚಿನ ಫೈನಲ್ಲು. ನಮ್ಮ ಟೀಮು ಫೈನಲ್ ತಲುಪಿದ್ದು ಅದೊಂದೇ ಸಲ. ಲಿಸ್ಬರ್ನ್ ರೇವನ್ಸ್ ವಿರುದ್ಧ ಎರಡು–ಎರಡು ಸಮ. ಹತ್ತೊಂಬತ್ತು ಸೆಕೆಂಡು ಬಾಕಿ ಇತ್ತು. ನಮ್ಮ ಗೋಲಿನ ಮುಂದೆ ಆಂದ್ರಿಸನ ಮೇಲೆ ಐದಾರು ಜನ ಬಿದ್ದರು. ಗೋಲಿನ ಹಿಂದಿನ ಕುರ್ಚಿಯಲ್ಲಿ, ಗೋಲಾದರೆ ಲೈಟು ಹಾಕುವ ಗುಂಡಿ ಹಿಡಿದು ಕೂತಿದ್ದವರು ನೀವು. ಗುಂಡಿ ಒತ್ತಿದಿರಿ, ಕೆಂಪು ಲೈಟು ಹತ್ತಿತು. ರೆಫರಿಗೆ ಏನೂ ಕಂಡಿರಲಿಲ್ಲ, ನಿಮ್ಮ ಲೈಟನ್ನು ನಂಬಿ ಗೋಲು ಕೊಟ್ಟ. ಆಟದ ರಬ್ಬರ್ ಬಿಲ್ಲೆ ಗೋಲಿನ ಗೆರೆ ದಾಟಿರಲಿಲ್ಲ ಎಂದು ಆಂದ್ರಿಸ್ ಇವತ್ತಿಗೂ ಹೇಳುತ್ತಾನೆ. ಕಪ್ ಕೈತಪ್ಪಿ ಹೋಯಿತು. ನಾನು ಕಾರ್ ಪಾರ್ಕಿನಲ್ಲಿ ಎಲ್ಲರ ಎದುರಿಗೆ ನಿಮ್ಮನ್ನು ಬೈದೆ. ನೀವು ಬೈಸಿಕೊಂಡು ಕಾರು ಹತ್ತಿ ಹೋದಿರಿ. ಎರಡು ತಿಂಗಳಿಗೆ ಊರನ್ನೇ ಬಿಟ್ಟಿರಿ.

ಇಲ್ಲಿ ಈಗ ಯಾರಾದರೂ ಎಡವಟ್ಟು ಮಾಡಿದರೆ ‘ಮೂರ್ತಿ ಲೈಟ್’ ಎನ್ನುತ್ತಾರೆ. ನಿಮ್ಮ ಮುಖವನ್ನೇ ನೋಡದ ಹೊಸ ಹುಡುಗರೂ ಅನ್ನುತ್ತಾರೆ. ಗ್ರಾನ್ಯಾ ಚರಿತ್ರೆಯಲ್ಲಿ ಇದಕ್ಕೆ ಒಂದು ಪುಟ ಇಟ್ಟಿದ್ದಾಳೆ. ತಮಾಷೆಯಾಗಿಯೇ ಬರೆದಿದ್ದಾಳೆ, ಆದರೆ ಅಚ್ಚಾದ ಮೇಲೆ ಅದು ಅಳಿಸುವುದಿಲ್ಲ. ಏಳನೇ ನೋಟ್‌ಬುಕ್ಕಿನಲ್ಲಿ ನಿಮ್ಮ ಕಡೆಯ ಮಾತು ಇದ್ದರೆ ಕಳಿಸಿ. ಏಪ್ರಿಲ್ ಮೊದಲ ವಾರ ಪ್ರೆಸ್ಸಿಗೆ ಹೋಗುತ್ತದೆ.

ನಿಮ್ಮ,
ಶಾನವಾಜ್


ಕ್ಲಾಂಡಾಲ್ಕಿನ್
6 ಮಾರ್ಚ್ 2025

ಮೂರ್ತಿ,

ನಿನ್ನಿಂದ ಉತ್ತರ ಬರಲಿಲ್ಲ. ಬರುವುದು ಬೇಡ, ನಾನೇ ಹೇಳಿಬಿಡುತ್ತೇನೆ. ಹೋದ ಕಾಗದದಲ್ಲಿ ನಿನ್ನ ಕಡೆಯ ಮಾತು ಕೇಳಿದೆನಲ್ಲ, ಮಾತು ಇರಬೇಕಾದದ್ದು ನನ್ನ ಕಡೆ. ರಂಜಾನ್ ಶುರುವಾಗಿ ಐದಾರು ದಿನವಾಯಿತು. ರೋಜಾ ಇಟ್ಟುಕೊಂಡು ಹೊಟ್ಟೆಯಲ್ಲಿ ಇದನ್ನು ಇಟ್ಟುಕೊಳ್ಳಲು ಆಗುತ್ತಿಲ್ಲ.

ನಿನ್ನ ಕಣ್ಣಿನ ತಪ್ಪಲ್ಲ ಕಣೋ. ತಪ್ಪು ನನ್ನದು.

ಅವತ್ತು ಎರಡನೇ ಬ್ರೇಕಿನಲ್ಲಿ ಸ್ಕೋರು ಸಮ ಇತ್ತು. ಫ್ಯಾಕ್ಟರಿಯ ನೆನಪಾಯಿತು. ಬೆಳಗ್ಗೆ ಜಯಶೀಲಕ್ಕನ ಹತ್ತಿರ ಒಂದಿಷ್ಟು ಕುಂಕುಮ ಇಸಿದುಕೊಂಡಿದ್ದೆ, ನಿನಗೆ ಹೇಳಬೇಡಿ ಎಂದು ಬೇರೆ ಹೇಳಿದ್ದೆ. ನೀನು ಪೂಜೆ ಗೀಜೆ ಎಂದರೆ ನಗುವವನಲ್ಲವೇ. ಪೊಟ್ಟಣ ಬಿಚ್ಚಿ, ಚಾಂದ್ ಬೀಯ ಹಿಂದೆ ಬಿಸಿನೀರು ಸವರಿಕೊಂಡು ಹೋಗುವ ಬಟ್ಟೆಯ ಪಟ್ಟಿ ಇದೆಯಲ್ಲ, ಅದರ ಮೇಲಿನ ಕಂಬಿಗೆ ಇಟ್ಟೆ. ಮಿಕ್ಕಿದ್ದನ್ನು ಎಸೆಯಲು ಮನಸ್ಸಾಗದೆ ಅಲ್ಲೇ ಉದುರಿಸಿದೆ. ಒಂದು ದುವಾ ಓದಿದೆ. ಗಾಡಿ ಹತ್ತಿದೆ.

ಮರುದಿನ ಭಾನುವಾರ ಬೆಳಗ್ಗೆ ಹೋಗಿ ನೋಡುತ್ತೇನೆ, ಗೇಟಿನ ಕಡೆಯ ಗೋಲಿನ ಮುಂದೆ, ನಿಜವಾದ ಗೆರೆಗಿಂತ ಒಂದು ಗೇಣು ಈಚೆ, ಇನ್ನೊಂದು ಕೆಂಪು ಗೆರೆ! ನಾನು ಬಟ್ಟೆ ಎತ್ತುವ ಜಾಗ ಅದೇ. ದಿನಾ ಅಲ್ಲಿ ನೀರಿನ ಗೆರೆ ಉಳಿಯುತ್ತದೆ, ಅವತ್ತು ಕುಂಕುಮದ ಗೆರೆ ಉಳಿದಿತ್ತು. ನೀನು ಆ ಗೆರೆಯನ್ನು ನೋಡಿ ಲೈಟು ಹಾಕಿದ್ದೀಯೆ. ನಾನು ಏನು ಮಾಡಿದೆ ಗೊತ್ತೇ? ಯಾರೂ ಬರುವ ಮುಂಚೆ ಕೆರೆದು ಹಾಕಿದೆ. ಆಮೇಲೆ ನಿನ್ನ ಮನೆಯ ಗೇಟಿನ ತನಕ ಎರಡು ಸಲ ಬಂದು ವಾಪಸು ಹೋದೆ. ಎಲ್ಲರ ಎದುರು ಬೈದವನು ಯಾವ ಮುಖ ಇಟ್ಟುಕೊಂಡು ಬೆಲ್ ಒತ್ತಲಿ? ನೀನು ಊರು ಬಿಟ್ಟಾಗ, ನನ್ನಿಂದಲೇ ಹೋದ ಎಂದುಕೊಂಡೆ. ಹನ್ನೊಂದು ವರ್ಷದಿಂದ ಅದನ್ನೇ ಅಂದುಕೊಳ್ಳುತ್ತಿದ್ದೇನೆ.

ನಾಳೆ ಗ್ರಾನ್ಯಾಗೆ ಎಲ್ಲ ಹೇಳುತ್ತೇನೆ. ಆ ಪುಟ ಬದಲಾಗುತ್ತದೆ. ಕೆಲಸದಿಂದ ತೆಗೆದರೆ ತೆಗೆಯಲಿ. ನೀನು ಕ್ಷಮಿಸದಿದ್ದರೂ ಸರಿಯೇ, ನಿನ್ನ ಹೆಸರಿನ ಮೇಲೆ ಇದು ಇರಕೂಡದು.

ಶಾನವಾಜ್


ಅತ್ಲೋನ್
6 ಮಾರ್ಚ್ 2025

ಶಾನವಾಜ್,

ನಿನ್ನ ಫೆಬ್ರವರಿಯ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ‘ಮೂರ್ತಿ ಲೈಟ್’ ಎಂದು ಅಚ್ಚು ಹಾಕಲಿ, ಅಡ್ಡಿಯಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಆದರೆ ನೀನು ಅಂದುಕೊಂಡ ಕಾರಣಕ್ಕಲ್ಲ.

ನನಗೆ ಅವತ್ತು ಆಟಗಾರರ ಕಾಲುಗಳ ಸಂದಿಯಲ್ಲಿ ಒಂದು ಕೆಂಪು ಗೆರೆ ಕಂಡಿತು. ಬಿಲ್ಲೆ ಅದನ್ನು ದಾಟಿ ನನ್ನ ಕಡೆಗಿತ್ತು. ಒತ್ತಿದೆ. ಜನ ಎದ್ದು ಚದುರಿದ ಮೇಲೆ ನೋಡಿದರೆ ಅಲ್ಲಿ ಎರಡು ಗೆರೆ. ಆಂದ್ರಿಸ್ ಜಾರಿ ಬಿದ್ದ ಕಡೆ ಐಸಿನ ಪುಡಿ ಸರಿದು, ಕೆಳಗಿನ ಕೆಂಪು ಮೇಲೆದ್ದಿತ್ತು. ಅದು ಏನೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಯಾಕೆಂದರೆ ಅದನ್ನು ಹಾಕಿದವನು ನಾನೇ.

ನಗಬೇಡ. ಜೀವಮಾನವೆಲ್ಲ ಕಂಪ್ರೆಸರಿನ ಪ್ರೆಶರ್ ನೋಡು, ಪೂಜೆ ಬಿಡು ಎಂದು ನಿನಗೆ ಉಪದೇಶ ಮಾಡಿದವನು ನಾನು. ಅವತ್ತು ಎರಡನೇ ಬ್ರೇಕಿನಲ್ಲಿ ನೀನು ಮುಖ ತೊಳೆಯಲು ಹೋಗಿದ್ದೆ. ಜಯಶೀಲಾಳಿಂದ ಗುಟ್ಟಾಗಿ ತಂದಿದ್ದ ಕುಂಕುಮವನ್ನು ಚಾಂದ್ ಬೀಯ ಬಿಸಿನೀರಿನ ಟ್ಯಾಂಕಿನ ಮುಚ್ಚಳಕ್ಕೆ ಇಡಲು ಹೋದೆ. ನಿನ್ನ ಮೆಷಿನ್ನನ್ನು ಯಾರು ಮುಟ್ಟಿದರೂ ನಿನಗೆ ಆಗುವುದಿಲ್ಲ, ಆ ಭಯಕ್ಕೆ ಕೈ ಜಾರಿ ಪೊಟ್ಟಣದಲ್ಲಿದ್ದದ್ದೆಲ್ಲ ಟ್ಯಾಂಕಿನೊಳಗೆ ಹೋಯಿತು. ನಿನ್ನ ಹೆಜ್ಜೆ ಸಪ್ಪಳ ಕೇಳಿ ಓಡಿಬಂದು ಕುರ್ಚಿಯಲ್ಲಿ ಕೂತೆ. ಆ ನೀರನ್ನೇ ನೀನು ಐಸಿಗೆ ಸವರಿದೆ.

ಕಾರ್ ಪಾರ್ಕಿನಲ್ಲಿ ನೀನು, ನಿನ್ನ ಕಣ್ಣು ಎಲ್ಲಿತ್ತೋ ಎಂದೆ. ಟ್ಯಾಂಕಿನಲ್ಲಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ನಿನ್ನ ಐಸು ಕೆಡಿಸಿದೆ, ಆಂದ್ರಿಸನ ಕಪ್ ಕಳೆದೆ, ಬೈಸಿಕೊಂಡು ಸುಮ್ಮನಿದ್ದರೆ ಪಾಪ ಸ್ವಲ್ಪ ಕಡಿಮೆಯಾದೀತು ಎಂದುಕೊಂಡೆ. ಅತ್ಲೋನಿನಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಯಿತು. ಏಳನೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಪ್ಪು ಒಪ್ಪಿಕೊಂಡ ಒಂದು ಸಾಲು ಇದೆ. ಅದಕ್ಕೇ ಕೊಡಲಿಲ್ಲ.

ಇದನ್ನು ಗ್ರಾನ್ಯಾಗೆ ತೋರಿಸು. ನೀನು ನನ್ನ ಜೊತೆ ಮಾತಾಡದಿದ್ದರೂ ಅರ್ಥವಾಗುತ್ತದೆ.

ಮೂರ್ತಿ


ಅತ್ಲೋನ್
11 ಮಾರ್ಚ್ 2025

ಶಾನವಾಜ್,

ಇವರು ನಿನ್ನ ಕಾಗದ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಕೂತಿದ್ದಾರೆ. ಒಂದು ಸಲ ನಗುತ್ತಾರೆ, ಒಂದು ಸಲ ಕಣ್ಣು ಒರೆಸಿಕೊಳ್ಳುತ್ತಾರೆ. ಟೀ ಆರಿಹೋಯಿತು. ಅದೇ ಹೊತ್ತಿಗೆ ನೀನು ಅಲ್ಲಿ ಇವರ ಕಾಗದ ಹಿಡಿದು ಹೀಗೇ ಕೂತಿದ್ದೀಯೆಂದು ಅರ್ಷಿಯಾ ಫೋನಿನಲ್ಲಿ ಹೇಳಿದಳು. ಒಂದೇ ದಿನ ಬರೆದು ಒಂದೇ ದಿನ ಪೋಸ್ಟ್ ಮಾಡಿದ್ದೀರಿ. ದಾರಿಯಲ್ಲಿ ಎಲ್ಲೋ ಎರಡು ಕಾಗದಗಳೂ ಎದುರುಬದುರಾಗಿ ಹೋಗಿರಬೇಕು.

ಈಗ ನನ್ನ ಮಾತು ಕೇಳು. ಅವತ್ತು ಬೆಳಗ್ಗೆ ನೀನು ಬಂದು ಕುಂಕುಮ ಕೇಳಿದೆ, ಮೂರ್ತಿಗೆ ಹೇಳಬೇಡಿ ಅಕ್ಕ ಎಂದೆ. ಅರ್ಧ ಗಂಟೆಗೆ ಇವರು ಬಂದು ಕೇಳಿದರು, ಶಾನವಾಜ್‌ಗೆ ಹೇಳಬೇಡ ಎಂದರು. ನನ್ನ ಹತ್ತಿರ ಮೈಸೂರಿನಿಂದ ತಂದ ಒಂದೇ ಪಾಕೀಟು ಇತ್ತು. ಇಬ್ಬರಿಗೂ ಅರ್ಧರ್ಧ ಕಟ್ಟಿಕೊಟ್ಟೆ. ಇಬ್ಬರಿಗೂ ಮಾತು ಕೊಟ್ಟಿದ್ದೆ, ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಅದು ಕರಗಿ ಗೆರೆಯಾಯಿತು ಎಂದು ನಿಮ್ಮಲ್ಲಿ ಒಬ್ಬರಾದರೂ ನನಗೆ ಹೇಳಿದ್ದರೆ ಅವತ್ತೇ ಇಬ್ಬರನ್ನೂ ಕೂರಿಸಿಕೊಂಡು ಊಟ ಹಾಕಿ ಮುಗಿಸುತ್ತಿದ್ದೆ. ಒಬ್ಬರು ಮುಖ ಮುಚ್ಚಿಕೊಂಡು ಅತ್ಲೋನಿಗೆ ಬಂದಿರಿ, ಇನ್ನೊಬ್ಬರು ಗೇಟಿನ ತನಕ ಬಂದು ವಾಪಸು ಹೋದಿರಿ. ಇಬ್ಬರಿಗೂ ಬುದ್ಧಿ ಸಮಸಮ.

ಇನ್ನೊಂದು ವಿಷಯ. ನಾನೂ ಅರ್ಷಿಯಾಳೂ ಪ್ರತಿ ಈದಿಗೂ ಪ್ರತಿ ದೀಪಾವಳಿಗೂ ಮಾತಾಡುತ್ತಲೇ ಇದ್ದೇವೆ. ನಿಮ್ಮಿಬ್ಬರಿಗೆ ಹೇಳಿರಲಿಲ್ಲ ಅಷ್ಟೆ. ವಿಳಾಸ ಬೇಕಿದ್ದರೆ ಮಗಳ ತನಕ ಯಾಕೆ ಹೋಗಬೇಕಿತ್ತು, ಹೆಂಡತಿಯನ್ನು ಕೇಳಿದ್ದರೆ ಸಾಕಾಗಿತ್ತು.

ಇಫ್ತಾರಿಗೆ ಒಂದು ಡಬ್ಬಿ ಚಕ್ಕುಲಿ ಕಳಿಸಿದ್ದೇನೆ.

ನಿನ್ನ ಅಕ್ಕ,
ಜಯಶೀಲಾ


ಕ್ಲಾಂಡಾಲ್ಕಿನ್
2 ಏಪ್ರಿಲ್ 2025

ಮೂರ್ತಿ,

ಹಬ್ಬ ಚೆನ್ನಾಗಿ ಆಯಿತು. ಆಂದ್ರಿಸ್ ಬಂದು ಮೂರು ಬಟ್ಟಲು ಖೀರು ಕುಡಿದ. ಈಗ ಅವನದೇ ಬೇಕರಿ ಇದೆ, ಹೊಟ್ಟೆಯೂ ಇದೆ.

ಎರಡೂ ಕಾಗದಗಳನ್ನು ಕಮಿಟಿಯ ಮತ್ತು ಆಂದ್ರಿಸನ ಮುಂದೆ ಇಟ್ಟು, ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಗ್ರಾನ್ಯಾ ಮೊದಲು ಕಣ್ಣು ಮಿಟುಕಿಸಿದಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಗಲು ಶುರುಮಾಡಿದಳು. ಆಂದ್ರಿಸ್ ಮಾತ್ರ ನಗಲಿಲ್ಲ. ಎದ್ದು ಬಂದು ನನ್ನ ಎರಡೂ ಭುಜ ಹಿಡಿದುಕೊಂಡು, “ಹಾಗಾದ್ರೆ ಗೋಲ್ ಆಗಿರ್ಲಿಲ್ಲ. ನಾನು ಹೇಳಿದ್ದು ನಿಜ ತಾನೇ?” ಎಂದು ಕೇಳಿದ. ನಿಜ ಎಂದೆ. ಹನ್ನೊಂದು ವರ್ಷದಿಂದ ಅವನಿಗೆ ಬೇಕಿದ್ದದ್ದು ಅಷ್ಟೇ ಕಣೋ. ಆಮೇಲೆ ಅವನೂ ನಕ್ಕ.

ಗ್ರಾನ್ಯಾ ಲಿಸ್ಬರ್ನಿನ ಆಗಿನ ಕ್ಯಾಪ್ಟನ್ನಿಗೆ ಬರೆದಳು. ಅವನ ಉತ್ತರ ಕೇಳು. ಮ್ಯಾಚು ಮುಗಿದ ಮೇಲೆ ಅವರ ಸಾಕ್ಸೆಲ್ಲ ಕೆಂಪಾಗಿತ್ತಂತೆ. ಎಷ್ಟು ರಕ್ತ ಸುರಿಸಿ ಗೆದ್ದೆವು ಎಂದು ಊರಿನಲ್ಲೆಲ್ಲ ತೋರಿಸಿಕೊಂಡು ಬಂದರಂತೆ. ರೆಕಾರ್ಡ್ ಬದಲಾಯಿಸಲು ಬರುವುದಿಲ್ಲ, ಆದರೆ ಆ ಹತ್ತೊಂಬತ್ತು ಸೆಕೆಂಡು ನಿಮಗೆ ಬಾಕಿ ಇದೆ, ಬಂದು ಆಡುತ್ತೇವೆ ಎಂದಿದ್ದಾನೆ. ಏಪ್ರಿಲ್ 26, ಶನಿವಾರ, ಮಧ್ಯಾಹ್ನ ಮೂರು ಗಂಟೆ. ಹಳೆಯ ಐಸಿನ ಮೇಲೆ ಕೊನೆಯ ಆಟ. ಅವರ ಹಳೆಯ ಆಟಗಾರರು, ನಮ್ಮ ಹಳೆಯ ಆಟಗಾರರು, ಅದೇ ಗೇಟಿನ ಕಡೆಯ ಗೋಲು. ಚರಿತ್ರೆಯನ್ನು ಆ ಆಟ ಮುಗಿದ ಮೇಲೆಯೇ ಪ್ರೆಸ್ಸಿಗೆ ಕೊಡುತ್ತಾರಂತೆ.

ಕುರ್ಚಿಯಲ್ಲಿ ನೀನು ಕೂರಬೇಕು.

ಶಾನವಾಜ್


ಅತ್ಲೋನ್
9 ಏಪ್ರಿಲ್ 2025

ಶಾನವಾಜ್,

ಬರುತ್ತೇನೆ. ನೋಟ್‌ಬುಕ್ಕು ತರುತ್ತೇನೆ. ಆದರೆ ಗುಂಡಿ ನನ್ನ ಕೈಗೆ ಬೇಡ. ಈಗ ಎಲ್ಲರೂ ನಗುತ್ತಿದ್ದಾರೆ, ಚೆನ್ನಾಗಿದೆ. ಮತ್ತೆ ಒತ್ತಬಾರದಾಗ ಒತ್ತಿದರೆ? ಈ ಸಲ ನೆಪಕ್ಕೆ ಕುಂಕುಮವೂ ಇರುವುದಿಲ್ಲ. ಕನ್ನಡಕದ ನಂಬರ್ ಬೇರೆ ಎರಡು ಸಲ ಏರಿದೆ. ಬೇರೆ ಯಾರನ್ನಾದರೂ ಕೂರಿಸು.

ಮೂರ್ತಿ


ಕ್ಲಾಂಡಾಲ್ಕಿನ್
12 ಏಪ್ರಿಲ್ 2025

ಮೂರ್ತಿ,

ಬೇರೆ ಯಾರನ್ನೂ ಕೂರಿಸುವುದಿಲ್ಲ. ನೀನು ಕೂರದಿದ್ದರೆ ಕುರ್ಚಿ ಖಾಲಿ ಇರುತ್ತದೆ, ಅದನ್ನು ನೋಡಿಕೊಂಡೇ ಆಡುತ್ತಾರೆ. ಕಮಿಟಿ ಒಪ್ಪಿದೆ.

ಶಾನವಾಜ್


ಕ್ಲಾಂಡಾಲ್ಕಿನ್
30 ಏಪ್ರಿಲ್ 2025

ಪ್ರೀತಿಯ ಮೂರ್ತಿ,

ನೀನು ಕಣ್ಣಾರೆ ಕಂಡದ್ದನ್ನೇ ನಿನಗೆ ಬರೆಯುತ್ತಿದ್ದೇನೆ. ಚರಿತ್ರೆಯ ಕೊನೆಯ ಪುಟ ಹೀಗೇ ಬರಬೇಕೆಂದು ಗ್ರಾನ್ಯಾ ಹೇಳಿದ್ದಾಳೆ. ತಪ್ಪು ಹುಡುಕುವುದು ನಿನ್ನ ಕಸುಬು, ಹುಡುಕಿ ಹೇಳು.

ಶನಿವಾರ ಮಧ್ಯಾಹ್ನ ನಾನ್ನೂರಕ್ಕೂ ಹೆಚ್ಚು ಜನ ಬಂದರು. ಜಯಶೀಲಕ್ಕನ ಬಿಸಿಬೇಳೆಬಾತಿನ ಮುಂದಿನ ಸಾಲು ಟಿಕೆಟ್ಟಿನ ಸಾಲಿಗಿಂತ ಉದ್ದವಿತ್ತು. ನಾನು ಚಾಂದ್ ಬೀಯನ್ನು ಓಡಿಸಿಕೊಂಡು ಬಂದು, ಕೊನೆಯ ಸುತ್ತು ಹೊಡೆದು, ಬಟ್ಟೆಯನ್ನು ಅದೇ ಜಾಗದಲ್ಲಿ ಎತ್ತಿದೆ. ಬರೀ ನೀರಿನ ಗೆರೆ. ಇಳಿದು ಬಂದು ಬೆರಳಿಟ್ಟು ನೋಡಿದೆ, ಚೆನ್ನಾಗಿ ಕಟ್ಟಿತ್ತು. ತಲೆ ಎತ್ತಿದರೆ ಕುರ್ಚಿ ಖಾಲಿ. ನೀನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ, ಕಂಕುಳಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು. ನಾನು ಕರೆಯಲಿಲ್ಲ. ಆಂದ್ರಿಸನೇ ಗೋಲು ಬಿಟ್ಟು, ಆ ದಪ್ಪ ಪ್ಯಾಡು ಕಟ್ಟಿಕೊಂಡು ಜಾರಿಕೊಂಡು ಬಂದ. ಗಾಜಿಗೆ ಸ್ಟಿಕ್ಕಿನಿಂದ ಕುಟ್ಟಿ, ಕುರ್ಚಿಯ ಕಡೆ ತೋರಿಸಿದ. ನೀನು ಬಂದು ಕೂತೆ. ಗುಂಡಿ ಕೈಗೆತ್ತಿಕೊಂಡೆ.

ರೆಫರಿ ಸೀಟಿ ಊದಿದ. ಗಡಿಯಾರದಲ್ಲಿ ಹತ್ತೊಂಬತ್ತು ಸೆಕೆಂಡು. ಲಿಸ್ಬರ್ನಿನ ಕ್ಯಾಪ್ಟನ್ನು ಏದುಸಿರು ಬಿಡುತ್ತಾ ಬಂದ, ಹೊಡೆದ. ಆಂದ್ರಿಸ್ ಬಿದ್ದ. ಅವನ ಮೇಲೆ ಕ್ಯಾಪ್ಟನ್ನು, ಅವನ ಮೇಲೆ ಇನ್ನೂ ಮೂರು ಜನ. ಎಲ್ಲರಿಗೂ ಐವತ್ತರ ಹತ್ತಿರದ ವಯಸ್ಸು, ಏಳಲು ಯಾರಿಗೂ ಆಗಲಿಲ್ಲ. ಬಿಲ್ಲೆ ಎಲ್ಲಿದೆಯೆಂದು ಯಾರಿಗೂ ಕಾಣದು. ರೆಫರಿ ನಿನ್ನ ಕಡೆ ತಿರುಗಿದ. ಇಡೀ ರಿಂಕು ನಿನ್ನ ಕಡೆ ತಿರುಗಿತು.

ನೀನು ಗುಂಡಿಯನ್ನು ಕುರ್ಚಿಯ ಮೇಲೆ ಇಟ್ಟು ಎದ್ದೆ. ಗೇಟು ತೆಗೆದು, ಚಪ್ಪಟೆ ಶೂನಲ್ಲೇ ಐಸಿನ ಮೇಲೆ ಬಂದೆ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ರೆಫರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಂಡಿಯೂರಿದೆ, ಕನ್ನಡಕ ತೆಗೆದೆ, ಮೂಗು ಐಸಿಗೆ ತಾಗುವಷ್ಟು ಬಗ್ಗಿ ಆಂದ್ರಿಸನ ಕಾಲಿನ ಕೆಳಗೆ ನೋಡಿದೆ. ಎಷ್ಟು ಹೊತ್ತು ನೋಡಿದೆಯೋ! ಆಮೇಲೆ ತಲೆ ಎತ್ತಿ ಕನ್ನಡದಲ್ಲಿ ಕೂಗಿದೆ. “ಒಂದೇ ಗೆರೆ ಐತೆ ಕಣೋ ಶಾನವಾಜ್! ಬಿಲ್ಲೆ ದಾಟಿಲ್ಲ!”

ಅರ್ಥವಾದದ್ದು ನಮ್ಮ ಹತ್ತಿಪ್ಪತ್ತು ಜನಕ್ಕೆ ಮಾತ್ರ. ಆದರೂ ಇಡೀ ರಿಂಕು ಎದ್ದು ನಿಂತು ಕಿರುಚಿತು. ಲಿಸ್ಬರ್ನಿನವರೂ ಕಿರುಚಿದರು. ನೀನು ಏಳಲು ಹೋಗಿ ಜಾರಿ ಬಿದ್ದೆ, ಎತ್ತಲು ಓಡಿಬಂದ ನಾನೂ ಬಿದ್ದೆ. ಹದಿನೆಂಟು ವರ್ಷದಿಂದ ಐಸಿನ ಮೇಲೆ ನಡೆಯುತ್ತಿದ್ದೇನೆ, ಬಿದ್ದದ್ದು ಅದೇ ಮೊದಲು. ಎದ್ದಾಗ ಇಬ್ಬರೂ ಅಳುತ್ತಿದ್ದೆವು. ಸೊಂಟ ನೋವಿಗೆ ಎಂದು ನೀನು ಹೇಳಿದೆ. ನಾನೂ ಅದನ್ನೇ ಹೇಳಿದೆ. ಮಾನ್ಯಾಳೂ ಅಲೀನಾಳೂ ಬಂದು ಎಬ್ಬಿಸುವಾಗ “ಯು ಆರ್ ಗ್ರ್ಯಾಂಡ್, ಯು ಆರ್ ಗ್ರ್ಯಾಂಡ್” ಎಂದು, ಏನೂ ಆಗಿಲ್ಲ ಎನ್ನುವ ಇಲ್ಲಿಯವರ ಮಾತಿನಲ್ಲಿ, ನಮ್ಮ ಬೆನ್ನು ತಟ್ಟಿದರಲ್ಲ, ನಮ್ಮ ಮಕ್ಕಳು ನಮ್ಮನ್ನು ಸಮಾಧಾನ ಮಾಡುವ ಕಾಲ ಬಂತು ನೋಡು.

ಈಗ ಇಲ್ಲಿ ಹುಡುಗರು ‘ಮೂರ್ತಿ ಲೈಟ್’ ಎನ್ನುವುದನ್ನು ಬಿಟ್ಟಿಲ್ಲ. ಆದರೆ ಏನಾದರೂ ಅನುಮಾನ ಬಂದರೆ, ಬಗ್ಗಿ ಸರಿಯಾಗಿ ನೋಡಿಕೋ ಎನ್ನುವ ಅರ್ಥದಲ್ಲಿ ಹೇಳುತ್ತಿದ್ದಾರೆ. ನಿನ್ನೆ ಹೊಸ ಹುಡುಗನೊಬ್ಬ ಟೈರಿನ ಗಾಳಿ ಪರೀಕ್ಷೆ ಮಾಡುವಾಗಲೂ ಅಂದ.

ಏಳನೇ ನೋಟ್‌ಬುಕ್ಕನ್ನು ಹಿಂದಿರುಗಿಸುತ್ತಿದ್ದೇನೆ. ಕೊನೆಯ ಪುಟ ಓದಿದೆ. ‘19 ಸೆಕೆಂಡು ಬಾಕಿ. ಲೈಟು ಹಾಕಿದೆ. ತಪ್ಪು ಪೂರ್ತಿ ನನ್ನದು’ ಎಂದು ಬರೆದಿದ್ದೀಯೆ. ಟೆಸ್ಟಿಂಗ್ ಮಾಡುವವನೇ ಇಷ್ಟು ದೊಡ್ಡ ತಪ್ಪು ಬರೆಯಬಹುದೇ? ಅದರ ಕೆಳಗೆ ನಾನು ತಿದ್ದಿದ್ದೇನೆ: ‘ಪೂರ್ತಿ ಅಲ್ಲ. ಅರ್ಧ ನನ್ನದು. ಶಾನವಾಜ್.’ ಶನಿವಾರವೇ ಬರೆದೆ. ಪೆನ್ನು ಇಡುವಷ್ಟರಲ್ಲಿ ಜಯಶೀಲಕ್ಕ ಸೌಟು ಕೆಳಗಿಟ್ಟು ಬಂದು ಪೆನ್ನು ಕಿತ್ತುಕೊಂಡು, ಅದರ ಕೆಳಗೆ ‘ಪಾಕೀಟು ನನ್ನದು’ ಎಂದು ಬರೆದು ಸಹಿ ಹಾಕಿದರು. ಗ್ರಾನ್ಯಾ ಆ ಪುಟದ ಫೋಟೋ ತೆಗೆದು ಹಾಗೆಯೇ ಅಚ್ಚು ಹಾಕಿಸುತ್ತಿದ್ದಾಳೆ. ಇಂಗ್ಲಿಷಿಗೆ ಮಾಡಿಕೊಡಲೇ ಎಂದು ಕೇಳಿದೆ. ಬೇಡ, ಓದಬೇಕೆನಿಸಿದವರು ನಿಮ್ಮನ್ನು ಬಂದು ಕೇಳಲಿ ಎಂದಳು.

ಸೆಪ್ಟೆಂಬರಿನಲ್ಲಿ ಸಿಟಿವೆಸ್ಟಿನ ಹೊಸ ರಿಂಕು ತೆರೆಯುತ್ತದೆ. ಚಾಂದ್ ಬೀಯೂ ಬರುತ್ತಾಳೆ. ಆಯುಧ ಪೂಜೆಯ ದಿನ ಜಯಶೀಲಕ್ಕನೇ ಎಲ್ಲರ ಎದುರಿಗೆ ಪೂಜೆ ಮಾಡುತ್ತಾರಂತೆ, ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಿಸಿದ ಮೇಲೆ. ಶನಿವಾರದ ಮ್ಯಾಚುಗಳಿಗೆ ಬರಲು ಅತ್ಲೋನಿನಿಂದ ಬೆಳಗ್ಗೆಯೇ ರೈಲು ಇದೆ, ನಾನು ವಿಚಾರಿಸಿದ್ದೇನೆ. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಎಂಟನೇ ನೋಟ್‌ಬುಕ್ಕು ಈ ಪಾರ್ಸೆಲ್ಲಿನಲ್ಲೇ ಇದೆ. ನೀಲಿ ರಟ್ಟಿನದು ಇತ್ತು ಅಂಗಡಿಯಲ್ಲಿ. ನಾನು ಕೆಂಪು ತಂದೆ.

ನಿನ್ನ,
ಶಾನವಾಜ್